ಡಯಾಲಿಸಿಸ್ ರೋಗಿಗಳಿಗೆ ಎಳನೀರು: ಆ ಮೆಸೇಜ್ ತಪ್ಪು

ವಿಜಯಪುರದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಡಯಾಲಿಸಿಸ್ ಮಾಡಿಸಿಕೊಳ್ಳುವವರು ದಿನಾ ಎಳನೀರು ಕುಡಿದರೆ ಹೃದಯ ಗಟ್ಟಿಯಾಗುತ್ತದೆ.’ ಇದು ತಪ್ಪು. ಜೀವಕ್ಕೇ ಅಪಾಯ.

ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಒಳ್ಳೆಯ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಕೆಟ್ಟವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ತಪ್ಪಿಸುತ್ತದೆ. ವಿಪರೀತ ಏರಿದರೆ ಹೃದಯ ನಿಂತೇ ಹೋಗಬಹುದು. ಮೊದಲೇ ಸೂಚನೆ ಸಿಗುತ್ತದೆ ಅಂತಲೂ ಇಲ್ಲ. ವಾರಕ್ಕೆ 3 ಸಲ ಡಯಾಲಿಸಿಸ್ ಇದ್ದರೂ ಒಂದು ಕಡೆ ಎರಡು ದಿನ ಬಿಡುವು ಬರುತ್ತದಲ್ವಾ, ಆಗ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ, ಆಗಲೇ ಹೆಚ್ಚು ಎಚ್ಚರ ಬೇಕು.

ಈ ಬಿಸಿಲಿಗೆ ಬಾಯಿ ಒಣಗಿದಾಗ ರಸ್ತೆ ಬದಿಯ ಎಳನೀರು ಕಂಡರೆ ಆಸೆಯಾಗುವುದು ಸಹಜ. ನೆಂಟರು ಪ್ರೀತಿಯಿಂದಲೇ ತಂದುಕೊಡುತ್ತಾರೆ. ಆದರೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿ.