ದೊಡ್ಡಮ್ಮನ ಪಟ್ಟಿ, ನನ್ನ ಬಸ್ಸು

ಮೊನ್ನೆ ಆದಿತ್ಯವಾರ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಸಣ್ಣ ಜಗಳ. ಕ್ರಿಸ್‌ಮಸ್ ರಜೆಗೆ ಎಲ್ಲಿಗೆ ಹೋಗುವುದು ಅಂತ. ಬೆಂಗಳೂರಿನ ಭಾವ ಒಂದು ಎಕ್ಸೆಲ್ ಶೀಟ್ ಹಾಕಿದರು. ಬೆಳಿಗ್ಗೆ 5.30ಕ್ಕೆ ಹೊರಡುವುದು, 7.10ಕ್ಕೆ ತಿಂಡಿ, 7.35ಕ್ಕೆ ಪುನಃ ಗಾಡಿ. ಹದಿನಾಲ್ಕು ಜನ 25 ನಿಮಿಷದಲ್ಲಿ ನೀರುದೋಸೆ ತಿಂದು, ಕೈ ತೊಳೆದು, ಚಾ ಕುಡಿದು ಏಳುವುದು ಹೇಗೆ ಭಾವಾ ಅಂತ ಕೇಳಿದೆ. "ಹಾಗಾದ್ರೆ ನೀನು ಬಸ್ಸಲ್ಲೇ ಬಾ" ಅಂದರು. ಅದು ಬೈಗುಳ ಅಂತ ಅವರ ಲೆಕ್ಕ. ನನಗೆ ಅದಕ್ಕಿಂತ ದೊಡ್ಡ ಆಮಂತ್ರಣ ಬೇರೆ ಇಲ್ಲ.

ನನ್ನ ತಿರುಗಾಟ ಎಂದರೆ ಇಷ್ಟೇ. ರಜೆಯ ದಿನ ಕಟಪಾಡಿಯಲ್ಲಿ ನಿಂತು, ಮೊದಲು ಬಂದ ಬಸ್ಸಿಗೆ ಕೈ ಅಡ್ಡ ಹಿಡಿಯುವುದು. ಉತ್ತರಕ್ಕೆ ಹೋದರೆ ಉಡುಪಿ, ಕುಂದಾಪುರ. ದಕ್ಷಿಣಕ್ಕೆ ಹೋದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್. ಕಂಡಕ್ಟರ್ "ರೈಟ್, ಪೋಯಿ" ಅಂದರೆ ಸಾಕು, ನನ್ನ ರಜೆ ಶುರುವಾಯಿತು. ಮರವಂತೆಯಲ್ಲಿ ಇಳಿದು ಒಮ್ಮೆ ಅರ್ಧ ದಿನ ಕೂತಿದ್ದೆ. ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಮೊದಲ ಗಂಟೆ ಎಲ್ಲರೂ ಸಮುದ್ರವನ್ನೇ ನೋಡುತ್ತಾರೆ. ಬಿಸಿಲೇರಿದ ಮೇಲೆ ನಾನು ರಸ್ತೆ ದಾಟಿ ಹೊಳೆಯ ಕಡೆಗೆ ತಿರುಗಿ ಕೂತೆ. ಒಬ್ಬರು ದೋಣಿಯಲ್ಲಿ ನಿಂತು ಬಲೆ ಬಿಡಿಸುತ್ತಿದ್ದರು. ಬೆನ್ನ ಹಿಂದೆ ತೆರೆಯ ಸದ್ದು, ಮುಂದೆ ಅಲುಗದ ನೀರು. ಆ ದಿನ ನಾನು ಬೇರೆ ಎಂತ ಮಾಡಲೂ ಇಲ್ಲ. ಒಂದೇ ಒಂದು ಫೋಟೋ ತೆಗೆದೆ, ಅದೂ ಅಲುಗಿ ಹೋಗಿದೆ.

ನನ್ನ ತಮ್ಮನದು ಇನ್ನೊಂದು ಬಗೆ. ಅವನಿಗೆ ಊರೇ ಬೇಡ, ದಾರಿ ಬೇಕು. ಮಂಗಳೂರು–ಬೆಂಗಳೂರು ಹಗಲು ರೈಲಿಗೆ 2021ರಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಹಾಕಿದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಸಕಲೇಶಪುರದವರೆಗೆ ಹೋಗುತ್ತಾನೆ, ಒಂದು ಕಾಫಿ ಕುಡಿಯುತ್ತಾನೆ, ಬಸ್ಸು ಹತ್ತಿ ಘಟ್ಟ ಇಳಿದು ವಾಪಸ್ ಬರುತ್ತಾನೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ ಉಂಟಲ್ವಾ, ಅದನ್ನು ಎಣಿಸುವುದೇ ಅವನ ಪ್ರವಾಸ. ಇದುವರೆಗೆ ಒಮ್ಮೆಯೂ ಲೆಕ್ಕ 57 ಬರಲಿಲ್ಲ. ನಡುವೆ ನಿದ್ದೆ ಬರುತ್ತದೆ.

ಈಗ ತಪ್ಪೊಪ್ಪಿಗೆ. ನಾಲ್ಕು ವರ್ಷದ ಹಿಂದೆ ಇದೇ ಫೇಸ್‌ಬುಕ್ ಗೋಡೆಯ ಮೇಲೆ ನಾನೊಂದು ದೊಡ್ಡ ಭಾಷಣ ಬಿಗಿದಿದ್ದೆ. ಟೆಂಪೋ ಟ್ರಾವೆಲರಿನಲ್ಲಿ ಓಡಿ, ಎರಡು ದಿನದಲ್ಲಿ ಏಳು ಜಾಗ ಮುಗಿಸುವವರು ಊರು ನೋಡುವುದಿಲ್ಲ, ಹಾಜರಿ ಹಾಕುತ್ತಾರೆ ಅಂತ. ತುಂಬಾ ಲೈಕ್ ಬಂದಿತ್ತು. ಇವತ್ತು ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಕಾರಣ ದೊಡ್ಡಮ್ಮ.

ದೊಡ್ಡಮ್ಮನಿಗೆ ಅರುವತ್ತೆಂಟು. ಹಟ್ಟಿಯಲ್ಲಿ ಎರಡು ದನ, ಅಂಗಳದಲ್ಲಿ ಅಡಿಕೆ, ಒಳಗೆ ಹಾಸಿಗೆ ಹಿಡಿದ ದೊಡ್ಡಪ್ಪ. ಹೋದ ವರ್ಷ ಎರಡು ದಿನದ ಮಟ್ಟಿಗೆ ಮಗಳು ಬಂದು ಮನೆಯಲ್ಲಿ ನಿಂತಳು, ದೊಡ್ಡಮ್ಮ ನಮ್ಮ ಜೊತೆ ಹೊರಟರು. ಗಾಡಿ ಭಾವನದ್ದು, ಪಟ್ಟಿ ದೊಡ್ಡಮ್ಮನದ್ದು. ಆನೆಗುಡ್ಡೆ, ಕೊಲ್ಲೂರು, ಮರುದಿನ ಕಾರ್ಕಳ, ಮೂಡುಬಿದಿರೆ, ಧರ್ಮಸ್ಥಳ, ಸುಬ್ರಹ್ಮಣ್ಯ. ನಾನು ಅರ್ಧ ದಿನ ಕೂತಿದ್ದ ಮರವಂತೆಯೂ ಇತ್ತು. ಅದನ್ನು ಗಾಡಿಯ ಕಿಟಕಿಯಿಂದಲೇ ಮುಗಿಸಿದೆವು, ಒಂದೂವರೆ ನಿಮಿಷ ಆಗಿರಬಹುದು.

ಕಾರ್ಕಳದಲ್ಲಿ ನಾನು "ನಿಮಗೆ ಗಂಟುನೋವು, ನೀವು ಕೆಳಗೇ ಕೂತ್ಕೊಳ್ಳಿ" ಅಂದೆ. ಕೇಳಿದರೆ ತಾನೆ! ಬಂಡೆಯಲ್ಲಿ ಕಡಿದ ಮೆಟ್ಟಿಲು, ಮೇಲೆ ಬಿಸಿಲು. ಹತ್ತು ಮೆಟ್ಟಿಲು ಹತ್ತುವುದು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು, ಪುನಃ ಹತ್ತು. ಮೇಲೆ ಹೋಗಿ 42 ಅಡಿಯ ಗೊಮ್ಮಟನನ್ನು ಪಾದದಿಂದ ತಲೆಯವರೆಗೆ ಒಮ್ಮೆ ನೋಡಿದರು. 1432ರಲ್ಲಿ ನಿಲ್ಲಿಸಿದ್ದು ಅಂತ ನಾನು ಗೈಡಿನ ಹಾಗೆ ಶುರು ಮಾಡಿದೆ. ಅವರು ನಡುವೆಯೇ, "ಇವನನ್ನು ನಾನು ಮದುವೆಗೆ ಮೊದಲು ಶಾಲೆಯಿಂದ ಬಂದಾಗ ನೋಡಿದ್ದು ಮಾರಾಯ್ತಿ, ಮತ್ತೆ ಇವತ್ತೇ" ಅಂದರು. ನಮ್ಮ ಮನೆಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ ಸಹ ಬೇಡ.

ನನ್ನ ಬಾಯಿ ಅಲ್ಲಿಗೆ ಬಂದ್ ಆಯಿತು.

ಇನ್ನೊಂದು ಸಂಗತಿ ರಾತ್ರಿ ಗಾಡಿಯಲ್ಲಿ ಕಂಡದ್ದು. ಎಲ್ಲರೂ ಗೊರಕೆ. ದೊಡ್ಡಮ್ಮ ಮೊಬೈಲಿನ ಬೆಳಕಿನಲ್ಲಿ ಮಡಿಲ ಮೇಲೆ ಎಂತದೋ ಜೋಡಿಸುತ್ತಿದ್ದರು. ಹಳೆಯ ಪೇಪರಿನ ಸಣ್ಣ ಸಣ್ಣ ತುಂಡುಗಳನ್ನು ಮನೆಯಿಂದಲೇ ಹರಿದು ತಂದಿದ್ದರು. ಒಂದೊಂದು ದೇವಸ್ಥಾನದ ಪ್ರಸಾದ ಒಂದೊಂದು ಕಟ್ಟು. ಮೇಲೆ ಬಾಲ್‌ಪೆನ್ನಿನಲ್ಲಿ ಊರಿನ ಹೆಸರು. ಅದರ ಕೆಳಗೆ ಇನ್ನೊಂದು ಹೆಸರು, ಯಾರಿಗೆ ಕೊಡಲಿಕ್ಕೆ ಅಂತ. ಬೀಡಿ ಕಟ್ಟುವ ಪಕ್ಕದ ಮನೆಯಾಕೆಗೆ ಸುಬ್ರಹ್ಮಣ್ಯದ್ದು, ಹಾಲಿನ ಡೈರಿಯವರ ತಾಯಿಗೆ ಕೊಲ್ಲೂರಿನದ್ದು. ಪಟ್ಟಿ ಉದ್ದ ಇದ್ದದ್ದು ದೊಡ್ಡಮ್ಮನ ಆಸೆಯಿಂದ ಅಲ್ಲ. ಹೋಗಲಿಕ್ಕೆ ಆಗದವರೆಲ್ಲ ಅವರ ಕೈಯಲ್ಲಿ ಒಂದೊಂದು ಊರು ಹೇಳಿ ಕಳಿಸಿದ್ದರು.

ಒಂದು ಜಾಗದಲ್ಲಿ ಸುಮ್ನೆ ಕೂರುವ ಧೈರ್ಯ ನನಗೆ ಎಲ್ಲಿಂದ ಬಂತು? ಮುಂದಿನ ವಾರ ಪುನಃ ಬರಬಹುದು ಅಂತ ಗೊತ್ತಿರುವುದರಿಂದ. ಸಂಬಳ ನನ್ನದು, ರಜೆ ನನ್ನದು, ಸಂಜೆ ತಡವಾದರೆ ಕೇಳುವವರಿಲ್ಲ. ನಲುವತ್ತು ವರ್ಷಕ್ಕೊಮ್ಮೆ ಬಾಗಿಲು ತೆರೆದರೆ ನಾನೂ ಏಳಲ್ಲ, ಹದಿನೇಳು ಜಾಗದ ಪಟ್ಟಿ ಮಾಡುತ್ತಿದ್ದೆ.

ಹಾಗಂತ ಓಡಾಟದವರೆಲ್ಲ ಸರಿ ಅಂತ ಹೇಳುವುದಿಲ್ಲ. ಮುಂಬಯಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ನಮ್ಮವರೊಬ್ಬರನ್ನು ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿದ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ಸೀಳಿದ ಕಲ್ಲು ಅದು. ಅವರು ದ್ವೀಪದಲ್ಲಿ ಇದ್ದ ಅಷ್ಟೂ ಹೊತ್ತು ಆ ಕಲ್ಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರು. ಹತ್ತಿರ ಹೋಗಿ ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ ಅಂದರೆ, "ನೆಟ್ಟಲ್ಲಿ ಉಂಟಲ್ಲ" ಅಂದರು. ಇವರಿಗೆ ಕ್ಷಮೆ ಇಲ್ಲ. ಜಾಸ್ತಿ ಜಾಗ ನೋಡಿದ್ದಕ್ಕಲ್ಲ, ಒಂದನ್ನೂ ನೋಡದೆ ಹೋದದ್ದಕ್ಕೆ.

ನಿಧಾನದವರ ಪೊಗರು ಸಹ ಕಡಿಮೆ ಇಲ್ಲ, ನನ್ನದನ್ನೇ ಹೇಳುತ್ತೇನೆ. ಒಂದು ಜುಲೈಯಲ್ಲಿ "ಮಳೆ ಕೇಳಲಿಕ್ಕೆ" ಅಂತ ಆಗುಂಬೆ ಕಡೆಯ ಒಂದು ಹೋಂಸ್ಟೇಯಲ್ಲಿ ನಾಲ್ಕು ದಿನಕ್ಕೆ ಕೋಣೆ ಹಿಡಿದೆ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಕೇಳಿತು. ಜೋರಾಗಿಯೇ ಕೇಳಿತು. ಕರೆಂಟಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಕಾಲ ಬೆರಳ ಸಂದಿಯಲ್ಲಿ ಉಂಬಳ. ಎರಡನೇ ದಿನ ಮಧ್ಯಾಹ್ನಕ್ಕೆ ಪುಸ್ತಕ ಮುಗಿದು ಗೋಡೆಯ ಕ್ಯಾಲೆಂಡರ್ ಓದಲು ಶುರು ಮಾಡಿದೆ. ಮೂರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಘಟ್ಟ ಇಳಿದೆ. ಫೇಸ್‌ಬುಕ್ಕಿನಲ್ಲಿ ಮಾತ್ರ "ಮಳೆಯೊಂದಿಗೆ ನಾಲ್ಕು ದಿನ" ಅಂತ ಹಾಕಿದ್ದೆ. ನೀವು ಸುಮಾರು ಜನ ಹೃದಯ ಒತ್ತಿದ್ದೀರಿ, ಥ್ಯಾಂಕ್ಸ್.

ಗ್ರೂಪಿನ ಜಗಳಕ್ಕೆ ಬರುತ್ತೇನೆ. ಒಟ್ಟಿಗೆ ಹೋಗುವುದು ಅಂದರೆ ಇಡೀ ದಿನ ಒಟ್ಟಿಗೇ ಇರಬೇಕು ಅಂತ ಯಾರು ಹೇಳಿದ್ದು? ನನ್ನ ಸಲಹೆ ಇಷ್ಟು: ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದು ಕಡೆ ಸೇರುವುದು. ಅದಕ್ಕೆ ಮೊದಲು, ಅದರ ನಂತರ, ಅವರವರ ದಾರಿ ಅವರಿಗೆ. ಭಾವನಿಗೆ ಎಕ್ಸೆಲ್, ತಮ್ಮನಿಗೆ ಸುರಂಗ, ನನಗೆ ಬಸ್ಸು. ಭಾವ ಇನ್ನೂ ಉತ್ತರ ಕೊಟ್ಟಿಲ್ಲ, ನೀಲಿ ಗೆರೆ ಮಾತ್ರ ಬಿದ್ದಿದೆ.

ಅಂದ ಹಾಗೆ, ಕಳೆದ ತಿಂಗಳು ದೊಡ್ಡಮ್ಮನನ್ನು ನನ್ನ ಕ್ರಮದಲ್ಲಿ ಒಮ್ಮೆ ಕರೆದುಕೊಂಡು ಹೋದೆ. ಒಂದು ಸಂಜೆ, ಒಂದು ಬಸ್ಸು, ಒಂದೇ ಜಾಗ, ಕಾಪು ಕಡಲತೀರ. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, ಸೂರ್ಯ ಇಳಿಯುತ್ತಿದ್ದಾನೆ, ಇಬ್ಬರ ಕೈಯಲ್ಲೂ ಚರ್ಮುರಿ. ದೊಡ್ಡಮ್ಮ ಹತ್ತು ನಿಮಿಷ ಸಮುದ್ರ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಆಯ್ತಲ್ಲ. ಇನ್ನೆಂತ ನೋಡ್ಲಿಕ್ಕೆ ಉಂಟು?"

"ಎಂತ ಇಲ್ಲ ದೊಡ್ಡಮ್ಮ. ಸುಮ್ನೆ ಕೂರುವುದು."

"ಇಲ್ಲಿವರೆಗೆ ಬಂದು ಮಾರಿಗುಡಿಗೆ ಹೋಗದೆ ಇರುವುದಾ? ಏಳು ಏಳು."

ಸೂರ್ಯ ಮುಳುಗುವ ಮೊದಲೇ ರಿಕ್ಷಾ ಹಿಡಿದೆವು. ಗುಡಿಯಿಂದ ಹೊರಗೆ ಬಂದು, ತೆಂಗಿನೆಣ್ಣೆಯ ಪಸೆ ಇದ್ದ ಚರ್ಮುರಿಯ ಪೇಪರನ್ನೇ ಸೆರಗಿನಲ್ಲಿ ಒರೆಸಿ, ಅದರಲ್ಲಿ ಕುಂಕುಮ ಕಟ್ಟಿ, ನನ್ನ ಹತ್ತಿರ ಪೆನ್ನು ಕೇಳಿದರು. "ಕಾಪು" ಅಂತ ಬರೆದರು. ಕೆಳಗೆ ಯಾರ ಹೆಸರು ಬರೆಯುತ್ತಾರೆ ಅಂತ ಬಗ್ಗಿ ನೋಡಿದೆ. ನನ್ನದು.