ಸಂಜೆ ಆರರ ಮೆಟ್ರೋದಲ್ಲಿ ಸ್ಕೀ ಹಿಡಿದು

ಜನವರಿಯ ಸಂಜೆ ನಾರ್ವೆಯ ರಾಜಧಾನಿ ಓಸ್ಲೋದ ಮೆಟ್ರೋದಲ್ಲಿ 1ನೇ ಲೈನ್ ಹತ್ತಿದರೆ ಬೋಗಿ ತುಂಬಾ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿ, ಹಿಡಿದು ನಿಂತವರೇ. ಆಫೀಸು ಮುಗಿಸಿ ನೇರ ಬಂದವರು, ಶಾಲೆ ಮಕ್ಕಳು, ಎಪ್ಪತ್ತು ದಾಟಿದ ಅಜ್ಜಿಯರು. ರೈಲು ಗುಡ್ಡ ಸುತ್ತಿಕೊಂಡು ಹತ್ತಿ, 469 ಮೀಟರ್ ಎತ್ತರದಲ್ಲಿರುವ ಫ್ರೋಗ್ನರ್‌ಸೇತರನ್ ಎಂಬ ಕೊನೆಯ ಸ್ಟೇಷನ್‌ನಲ್ಲಿ ನಿಲ್ಲುತ್ತದೆ. ಇಳಿದರೆ ಎದುರಿಗೇ ಕಾಡು. ಹಿಮದ ದಾರಿಯುದ್ದಕ್ಕೂ ದೀಪದ ಕಂಬ. ವಾರಕ್ಕೆ ಎರಡು ಸಂಜೆ ನಾನೂ ಅವರಲ್ಲೊಬ್ಬ.

ನಾನು ಮದ್ದೂರು ಕಡೆಯವನು. ಇಲ್ಲಿಗೆ ಬಂದು 9 ವರ್ಷವಾಯಿತು. ಮೊದಲ ಎರಡು ಚಳಿಗಾಲ ಮನೆಯೊಳಗೇ ಕಳೆದೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಬೆಳಗ್ಗೆ 9 ದಾಟಿರುತ್ತದೆ, ಮಧ್ಯಾಹ್ನ 3ರ ಸುಮಾರಿಗೆ ಮುಳುಗಿಯೂ ಆಯಿತು. ಆ ಕತ್ತಲಲ್ಲಿ ತಲೆ ಸುಮ್ಮನಿರುವುದಿಲ್ಲ. ಕೆಲಸದ ಚಿಂತೆ, ಊರಲ್ಲಿರುವ ಅಮ್ಮನ ಮಂಡಿನೋವು, ಯಾವತ್ತೋ ಯಾರೋ ಅಂದ ಮಾತು. ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಕೂತಷ್ಟೂ ಗದ್ದಲ ಜಾಸ್ತಿಯಾಯಿತು.

ಮೂರನೇ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಅವರ ಮಗನ ಹಳೆಯ ಸ್ಕೀ ಮಹಡಿ ಮೇಲೆ ಸುಮ್ನೆ ಬಿದ್ದಿತ್ತಂತೆ. "ಭಾನುವಾರ ಬಾ" ಅಂದರು, ಅಷ್ಟೇ.

ಬೆಟ್ಟದ ಮೇಲಿಂದ ಧುಮುಕುವ ಸ್ಕೀ ಬೇರೆ. ಇದು ಸಮ ನೆಲದಲ್ಲಿ, ಏರಿಳಿತದಲ್ಲಿ ಹೆಜ್ಜೆ ಹಾಕಿ ಜಾರುತ್ತಾ ಹೋಗುವುದು. ಸ್ಕೀ ಬಿಲ್ಲಿನ ಹಾಗೆ ನಡುವೆ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಆ ನಡುಭಾಗದ ಅಡಿಗೆ ಮೇಣ ಹಚ್ಚುತ್ತಾರೆ. ಅವತ್ತು ಸೊನ್ನೆಗಿಂತ 6 ಡಿಗ್ರಿ ಕೆಳಗಿತ್ತು, ಹಾಗಾಗಿ ನೀಲಿ ಮೇಣ. ಅಜ್ಜಿ ಮೇಣದ ತುಂಡನ್ನು ಕ್ರೇಯಾನ್ ಥರ ಗೀಚಿ, ಬೆಂಡಿನ ತುಂಡಿನಿಂದ ಉಜ್ಜಿ ಉಜ್ಜಿ ನಯ ಮಾಡಿದರು. ಒಂದು ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟರೆ ಬಿಲ್ಲು ಅದುಮಿ ಮೇಣ ಹಿಮವನ್ನು ಕಚ್ಚುತ್ತದೆ, ಮುಂದೆ ತಳ್ಳುತ್ತದೆ. ಅರೆಮನಸ್ಸಿನಿಂದ ಅರ್ಧ ಭಾರ ಹಾಕಿದರೆ ಕಾಲು ಹಿಂದಕ್ಕೆ ಜಾರುತ್ತದೆ. ಅದಕ್ಕೆ ಇಲ್ಲಿಯವರು 'ಬಾಕ್‌ಗ್ಲಾಟ್' ಅನ್ನುತ್ತಾರೆ.

ಅವತ್ತು ಎಷ್ಟೋ ಸಲ ಬಿದ್ದೆ. ಆದರೆ ಒಂದು ವಿಷಯ ಗೊತ್ತಾಯಿತು. ಆಫೀಸಿನ ಯೋಚನೆ ಬಂದ ಕ್ಷಣವೇ ಕಾಲು ಜಾರುತ್ತಿತ್ತು. ಯಾರೂ ಬೈಯಬೇಕಿಲ್ಲ, ಕಾಲ ಕೆಳಗಿನ ಹಿಮವೇ ಹೇಳುತ್ತಿತ್ತು. ಕೆಲವು ವಾರದ ಮೇಲೆ ಒಂದು ಸಂಜೆ, ಎಡ, ಬಲ, ಎಡ, ಬಲ, ಉಸಿರು ಹೆಜ್ಜೆಗೆ ಕೂಡಿಕೊಂಡಿತು. ಗಡಿಯಾರ ನೋಡಿದಾಗ ಒಂದೂವರೆ ಗಂಟೆ ಕಳೆದಿತ್ತು. ಆ ಒಂದೂವರೆ ಗಂಟೆಯಲ್ಲಿ ನಾನು ಏನನ್ನೂ ಯೋಚಿಸಿರಲಿಲ್ಲ.

ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ನೃತ್ಯ ಮಾಡುವವರನ್ನೆಲ್ಲ ಮಾತಾಡಿಸಿ ಈ ಸ್ಥಿತಿಗೆ 'ಫ್ಲೋ' ಎಂದು ಹೆಸರಿಟ್ಟರು. ಮಾಡುವ ಕೆಲಸ ನಮ್ಮ ಕೈಲಾಗುವಷ್ಟಕ್ಕಿಂತ ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಭಯ. ಎರಡರ ಮಧ್ಯೆ ಒಂದು ಹದ ಇದೆ. ಆ ಹದದಲ್ಲಿ, ಸರಿಯಾಯಿತೋ ತಪ್ಪಾಯಿತೋ ಅಂತ ತಕ್ಷಣ ತಿಳಿಯುವಂತಿದ್ದರೆ, ಮನಸ್ಸಿಗೆ ಅಲೆಯಲು ಜಾಗವೇ ಉಳಿಯುವುದಿಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ತೋಟದ ಬಾವಿ. ಏಳನೇ ವಯಸ್ಸಿನಲ್ಲಿ ಸೋದರಮಾವ ಸೊಂಟಕ್ಕೆ ಬೆಂಡು ಕಟ್ಟಿ ನೀರಿಗೆ ಬಿಟ್ಟರು. "ಲೋ, ನೀರು ನೋಡ್ಬೇಡ, ಕಾಲು ಬಡಿ!" ಮೊದಲ ದಿನ ಎರಡು ಬೆಂಡು, ವಾರ ಕಳೆದ ಮೇಲೆ ಒಂದು, ಆಮೇಲೆ ಒಂದು ದಿನ ನನಗೆ ಗೊತ್ತಾಗದ ಹಾಗೆ ಅದನ್ನೂ ಬಿಚ್ಚಿದ್ದರು. ಯಾವ ಪುಸ್ತಕವನ್ನೂ ಓದದ ಮಾವನಿಗೆ ಆ ಹದ ಚೆನ್ನಾಗಿ ಗೊತ್ತಿತ್ತು. ಕಬಡ್ಡಿಯೂ ಹಾಗೇ. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತಾ ಎದುರಾಳಿಗಳ ಅಂಗಳಕ್ಕೆ ನುಗ್ಗಿದವನಿಗೆ ನಾಳಿನ ಲೆಕ್ಕದ ಪರೀಕ್ಷೆ ಎಲ್ಲಿ ನೆನಪಿರುತ್ತದೆ? ಉಸಿರು, ನಾಲಿಗೆ, ಕಣ್ಣು, ಕಾಲು, ಎಲ್ಲಕ್ಕೂ ಒಟ್ಟಿಗೆ ಕೆಲಸ.

ಇಲ್ಲೊಂದು ಕಡೆ ನಾರ್ವೆಯವರ ಮಾತು ನನಗೆ ಒಪ್ಪಿಗೆಯಿಲ್ಲ. ಮನಸ್ಸು ಶಾಂತವಾಗಬೇಕಾದರೆ ಒಂಟಿಯಾಗಿ ಕಾಡಿಗೆ ಹೋಗಬೇಕು, ಮೌನ ಬೇಕು ಅಂತ ಬಹಳ ಜನ ಇಲ್ಲಿ ನಂಬಿದ್ದಾರೆ. ನಮ್ಮೂರ ಕಬಡ್ಡಿ ಅಂಗಳದಲ್ಲಿ ಊರೇ ಕೂಗುತ್ತಿತ್ತು. ಬಾವಿಯಲ್ಲಿ ಹತ್ತು ಹುಡುಗರು ಒಟ್ಟಿಗೆ ಧುಮುಕುತ್ತಿದ್ದೆವು. ಆ ಗಲಾಟೆಯ ನಡುವೆಯೇ ಒಳಗೆ ಸದ್ದು ನಿಲ್ಲುತ್ತಿತ್ತು. ಅದಕ್ಕೆ ನಾನು ಇಲ್ಲಿ ಕನ್ನಡದ ನಾಲ್ಕು ಗೆಳೆಯರನ್ನು ಕೂಡಿಸಿಕೊಂಡೇ ಸ್ಕೀಗೆ ಹೋಗುವುದು. ಹರಟುತ್ತಾ ಹೊರಡುತ್ತೇವೆ, ಮೊದಲ ಏರು ಬರುವಷ್ಟರಲ್ಲಿ ಮಾತು ತಾನಾಗಿ ನಿಂತಿರುತ್ತದೆ.

ಹಾಗಾದರೆ 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಚಾರಣಕ್ಕೆ ಜಾತ್ರೆಯ ಹಾಗೆ ಸೇರಿದ ಜನಕ್ಕೆ ಏನು ಕೊರತೆಯಾಗಿತ್ತು? ಆ ನೂಕುನುಗ್ಗಲಿನ ವಿಡಿಯೋ ನೋಡಿ ನನಗೆ ಸಂಕಟವಾಗಿತ್ತು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಕ್ಕೆ ಸರ್ಕಾರ ತಡೆ ಹಾಕಿದ್ದು ಅದಾದ ಮೇಲೆಯೇ. ಜನ ಜಾಸ್ತಿ ಅನ್ನುವುದು ಒಂದು ಕಾರಣ ಮಾತ್ರ. ಸಾಲಿನಲ್ಲಿ ಮುಂದಿನವನ ಹಿಮ್ಮಡಿ ನೋಡುತ್ತಾ ನಿಂತವನ ಮೈಗೆ ಅಲ್ಲಿ ಹದವಾದ ಕೆಲಸವೇ ಇಲ್ಲ. ಮನಸ್ಸು ಆಗಲೇ ತುದಿ ತಲುಪಿ ಫೋಟೋ ತೆಗೆಸಿಕೊಳ್ಳುತ್ತಿರುತ್ತದೆ. ಮೂರು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋದವರು ಆ ಒಂದು ದಿನದ ಮೇಲೆ ಎಲ್ಲ ಆಸೆಯನ್ನೂ ಹೇರಿರುತ್ತಾರೆ. ಅವರ ತಪ್ಪು ಅಂತ ನಾನು ಹೇಳಲಾರೆ. ಮಂಗಳವಾರ ಸಂಜೆ ಆರಕ್ಕೆ ಮನೆ ಹತ್ತಿರ ಹೋಗಲು ಅವರಿಗೆ ಜಾಗವೇ ಇಲ್ಲವಲ್ಲ.

ಇಲ್ಲಿ ಆ ಜಾಗವನ್ನು ಕಾನೂನು ಮಾಡಿ ಉಳಿಸಿಕೊಂಡಿದ್ದಾರೆ. 1957ರ ಕಾಯ್ದೆಯ ಪ್ರಕಾರ ಉಳುಮೆಯಿಲ್ಲದ ನೆಲದಲ್ಲಿ, ಅದು ಯಾರದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು. ಜನ ವಾಸವಿರುವ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ ಡೇರೆ ಹಾಕಬಹುದು. ಓಸ್ಲೋ ಸುತ್ತಲಿನ ಕಾಡಿಗೆ ಕಟ್ಟಡಗಳು ನುಗ್ಗಬಾರದು ಅಂತ 2009ರಲ್ಲಿ ಬೇರೆಯೇ ಕಾನೂನು ತಂದರು. 1883ರಲ್ಲಿ ಶುರುವಾದ ಸ್ಕೀ ಸಂಘವೊಂದು ಇವತ್ತಿಗೂ ಯಂತ್ರ ಓಡಿಸಿ ಹಿಮದಲ್ಲಿ ಸ್ಕೀ ಜಾರಲು ಜೋಡಿ ಗೀರು ಕೊರೆದು ಕೊಡುತ್ತದೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ನನ್ನ ಮಟ್ಟಿಗೆ ನಾರ್ವೆಯಿಂದ ಕಲಿಯಬೇಕಾದದ್ದು ಇದು.

ಇನ್ನೊಂದು ಸಂಗತಿ ನನ್ನನ್ನು ಒಳಗಿನಿಂದಲೇ ಬದಲಿಸಿತು. 1967ರ ಈಸ್ಟರ್ ರಜೆಯಲ್ಲಿ ಇಲ್ಲಿಯ ಬೆಟ್ಟಗಳಲ್ಲಿ 18 ಜನ ಸತ್ತರು. ಆಮೇಲೆ ಬೆಟ್ಟದ ನಿಯಮಗಳನ್ನು ಮನೆಮನೆಗೂ ಮುಟ್ಟಿಸಿದರು. ಒಟ್ಟು 9 ನಿಯಮ. ಎಂಟನೆಯದು ಹೇಳುವುದಿಷ್ಟು: ಹೊತ್ತಿಗೆ ಸರಿಯಾಗಿ ಹಿಂದಿರುಗು, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ. ಮಕ್ಕಳ ಬಾಯಲ್ಲೂ ಇದು ಗಾದೆಯ ಹಾಗೆ.

ಒಮ್ಮೆ ಅಜ್ಜಿಯ ಜೊತೆ ಉಲ್ಲೆವೋಲ್‌ಸೇತರ್ ಎಂಬ ಕಾಡಿನ ಹೋಟೆಲಿಗೆ ಹೊರಟಿದ್ದೆ. ಅಲ್ಲಿ ಬಿಸಿ ಬನ್ನು, ಕಾಫಿ ಸಿಗುತ್ತದೆ. ಇನ್ನೇನು ಬಂತು ಅನ್ನುವಷ್ಟರಲ್ಲಿ ಗಾಳಿ ಎದ್ದಿತು, ಹಿಮ ಓರೆಯಾಗಿ ಬೀಳತೊಡಗಿತು. ಅಜ್ಜಿ ನಿಂತು ಆಕಾಶ ನೋಡಿದರು. ಚೀಲದಿಂದ ಕಿತ್ತಳೆ ತೆಗೆದು ಸುಲಿದು ಅರ್ಧ ನನಗೆ ಕೊಟ್ಟರು. ತಿಂದಾದ ಮೇಲೆ ಸ್ಕೀಯನ್ನು ಮನೆ ಕಡೆ ತಿರುಗಿಸಿದರು. ನನ್ನ ಗಂಟಲಲ್ಲಿ ನಮ್ಮೂರಿನ ಮಾತೇ ಇತ್ತು: "ಇಷ್ಟು ದೂರ ಬಂದು ವಾಪಸ್ ಹೋಗೋದಾ?" ಹೇಳಲಿಲ್ಲ. ಹಿಂದೆ ಬರುವ ದಾರಿಯಲ್ಲಿ ತಲುಪಬೇಕಾದದ್ದು ಏನೂ ಉಳಿದಿರಲಿಲ್ಲ. ಗಾಳಿ ಬೆನ್ನಿಗಿತ್ತು. ಕಿತ್ತಳೆ ಸಿಪ್ಪೆಯ ವಾಸನೆ ಕೈಗವಸಿನಲ್ಲಿತ್ತು. ಅಷ್ಟು ನಿಶ್ಶಬ್ದವಾದ ಮನಸ್ಸು ನನಗೆ ಆವರೆಗೆ ಸಿಕ್ಕಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಮಾವ ಈಗಿಲ್ಲ. ಬಾವಿ ಬತ್ತಿ ಮೇಲೆ ಬಲೆ ಹಾಕಿದ್ದಾರೆ, ಪಕ್ಕದಲ್ಲೇ ಬೋರ್‌ವೆಲ್ ಇದೆ. ಊರ ಮಕ್ಕಳಿಗೆ ಈಜು ಬರುವುದಿಲ್ಲ. ಶಾಲೆ ಮೈದಾನದಲ್ಲಿ ಮಾತ್ರ ಹುಡುಗ ಹುಡುಗಿಯರು ಕಬಡ್ಡಿ ಆಡುತ್ತಿದ್ದರು. ಕೂಗಾಟ, ಧೂಳು, ನಗು. ಏಳು ದಾಟುವಷ್ಟರಲ್ಲಿ ಗೆರೆ ಕಾಣದಂತೆ ಕತ್ತಲಾಯಿತು. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು, ಮೊಬೈಲ್ ತೆಗೆದುಕೊಂಡು ಮನೆಗೆ ಹೊರಟರು.

"ನಾಲ್ಕು ಕಂಬ, ನಾಲ್ಕು ದೀಪ ಹಾಕ್ಸಿದ್ರೆ ಎಷ್ಟಾಗತ್ತೋ?" ಅಂತ ತಮ್ಮನನ್ನು ಕೇಳಿದೆ.

"ಯಾಕಣ್ಣ, ಟೂರ್ನಮೆಂಟ್ ಮಾಡ್ಸ್ತೀಯಾ?"

"ಇಲ್ಲ. ಸುಮ್ನೆ ಆಡ್ಕೊಳ್ಲಿ ಅಂತ."

ಶಾಲೆಯ ಮೇಷ್ಟ್ರು ಒಪ್ಪಿದ್ದಾರೆ. ವಿದ್ಯುತ್ ಬಿಲ್ ಯಾರು ಕಟ್ಟಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ, ಅದನ್ನು ನಾನೇ ಕಟ್ಟುತ್ತೇನೆ ಅಂದಿದ್ದೇನೆ. ಕಂಬ ನೆಡುವ ಗುಂಡಿಗಳ ಫೋಟೋವನ್ನು ತಮ್ಮ ಮೊನ್ನೆ ಕಳಿಸಿದ. ನಾನು ಆಗ ಮೆಟ್ರೋದಲ್ಲಿದ್ದೆ, ಸ್ಕೀ ಹಿಡಿದುಕೊಂಡು.