ತಂತಿಗೆ ಚುಚ್ಚಿದ ಕಾಗದಗಳು

ಗಂಗಾವತಿ, ಕಾರಟಗಿ, ಸಿಂಧನೂರು, ಹೊಳೆಯ ಆ ಕಡೆ ಸಿರುಗುಪ್ಪ. ಕಾಲುವೆ ಹರಿದಲ್ಲೆಲ್ಲ ಒಂದೊಂದು ಕ್ಯಾಂಪ್ ಇದೆ. ತುಂಗಭದ್ರಾ ಡ್ಯಾಂ ಆದ ಮೇಲೆ ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ ಬಂದು ನೆಲೆ ನಿಂತವರ ಊರುಗಳಿವು. ನಾನು ಗಂಗಾವತಿ ಕಡೆಯ ಅಂಥ ಒಂದು ಕ್ಯಾಂಪಿನ ಮೂರನೇ ತಲೆಮಾರಿನವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ.

ಕ್ಯಾಂಪಿನ ಯಾವ ಮನೆಗೆ ಹೋದರೂ ಒಂದೇ ಕಥೆ ಹೇಳುತ್ತಾರೆ. ಇಲ್ಲೇನೂ ಇರಲಿಲ್ಲ, ಬರೀ ಜಾಲಿ, ಹಾವು, ಚೇಳು. ನಮ್ಮ ತಾತ ಬಂದರು, ಜಾಲಿ ಕಡಿದರು, ಮಡಿ ಕಟ್ಟಿದರು, ಬಂಗಾರ ಬೆಳೆದರು. ಪಕ್ಕದ ಹಳೇ ಊರಿನ ಕಟ್ಟೆ ಮೇಲೆ ಕೂತರೆ ಬೇರೆ ಕಥೆ. ನಮ್ಮ ಹಿರಿಯರಿಗೆ ತಿಳಿಯಲಿಲ್ಲ, ಆಂಧ್ರದವರು ಬಂದು ಪುಕ್ಕಟೆ ರೇಟಿಗೆ ಹೊಲ ಹೊಡೆದುಕೊಂಡರು. ಎರಡನ್ನೂ ಕೇಳಿಕೊಂಡೇ ಬೆಳೆದೆ. ಮನೆಯ ಹಳೇ ಪತ್ರಗಳನ್ನು ಅತ್ತೆಯಿಂದ ಓದಿಸಿಕೊಂಡ ಮೇಲೆ ಎರಡರ ಮೇಲೂ ನಂಬಿಕೆ ಕಡಿಮೆಯಾಗಿದೆ. ಈಗ ನಮ್ಮ ಚಿಕ್ಕಪ್ಪ ಮನೆತನದ ಒಂದು ಪುಸ್ತಕ ತರಬೇಕು ಅಂತ ಹೊರಟಿದ್ದಾರೆ. ಒಳ್ಳೊಳ್ಳೆ ಪತ್ರ ಆರಿಸಿ ಹಾಕೋಣ ಅನ್ನುತ್ತಾರೆ. ನನ್ನ ತಕರಾರು ಇರುವುದೇ ಈ ಆರಿಸುವುದರ ಮೇಲೆ.

ಮೊದಲು ಪತ್ರಗಳ ಬಗ್ಗೆ ಹೇಳುತ್ತೇನೆ. ಆಗಿನ ಮನೆಗಳಲ್ಲಿ ಬಂದ ಕಾಗದವನ್ನೆಲ್ಲ ಒಂದು ಬಾಗಿದ ಕಬ್ಬಿಣದ ತಂತಿಗೆ ಚುಚ್ಚಿ ಗೋಡೆಗೆ ತೂಗು ಹಾಕುತ್ತಿದ್ದರು. ಹಾಗಾಗಿ ನಮ್ಮ ಪ್ರತಿ ಕಾರ್ಡಿನ ನಡುವೆ ಒಂದು ತೂತು, ಸುತ್ತ ತುಕ್ಕು. ಎಷ್ಟೋ ಕಡೆ ಸರಿಯಾಗಿ ಮುಖ್ಯ ಮಾತು ಇರುವಲ್ಲೇ ತುಕ್ಕು ತಿಂದಿದೆ. ಹೆಚ್ಚಿನವು ತಾತನ ಅಣ್ಣ ಪಶ್ಚಿಮ ಗೋದಾವರಿಯ ಊರಿನಿಂದ ಬರೆದವು. ತಾತ ಇಲ್ಲಿಂದ ಬರೆದ ಒಂದೂ ನಮ್ಮಲ್ಲಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ ಅಲ್ವಾ? ಫೋನಿನಲ್ಲಿ ಮಾತಾಡುವವರ ಪಕ್ಕ ಕೂತು ಒಂದೇ ಕಡೆಯ ಮಾತು ಕೇಳಿದ ಹಾಗೆ ಓದಬೇಕು. ಹಾವಿಗೆ ಹೆದರಬೇಡ, ರಾತ್ರಿ ಲಾಟೀನು ಇಲ್ಲದೆ ಕಾಲುವೆ ಕಡೆ ಹೋಗಬೇಡ ಅಂತ ಅಣ್ಣ ಬರೆದಿದ್ದರೆ, ತಮ್ಮ ಇಲ್ಲಿಂದ ಏನು ಬರೆದಿರಬಹುದು ಅಂತ ನಾವೇ ಊಹಿಸಬೇಕು.

ನನಗೆ ಒಳಗಿನ ಒಕ್ಕಣೆಗಿಂತ ವಿಳಾಸ ಓದುವುದೇ ಜಾಸ್ತಿ ಇಷ್ಟ. ಮೊದಲ ಪತ್ರಗಳಲ್ಲಿ ರಾಯಚೂರು ಜಿಲ್ಲೆ, ಹೈದರಾಬಾದ್ ಸ್ಟೇಟ್. 1956ರ ನವೆಂಬರ್ ಆದ ಮೇಲೆ ಮೈಸೂರು ಸ್ಟೇಟ್. 1973ರಲ್ಲಿ ಕರ್ನಾಟಕ. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಅಷ್ಟೊತ್ತಿಗೆ ಮನೆಗೆ ಫೋನ್ ಬಂದು ಪತ್ರ ನಿಂತಿತ್ತು. ಮನೆ ಅಲ್ಲೇ, ಬೇವಿನ ಮರ ಅಲ್ಲೇ, ರಾಜ್ಯ ಮಾತ್ರ ಬದಲಾಗುತ್ತಾ ಹೋಯಿತು. ತಾರೀಕು ಅಳಿಸಿ ಹೋದ ಪತ್ರ ಯಾವ ಕಾಲದ್ದು ಅಂತ ಗೊತ್ತುಮಾಡಲೂ ವಿಳಾಸವೇ ಬೇಕು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಪಿನ್ ನಂಬರ್ ಬರೆದಿದ್ದರೆ ಅದು ಆ ದಿನದ ನಂತರದ್ದೇ. ಅಂಚೆಚೀಟಿಯಲ್ಲಿ ಆಣೆ ಇದ್ದರೆ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವುದಕ್ಕೆ ಮುಂಚಿನ ಚೀಟಿ.

ಆ ವಿಳಾಸದಲ್ಲಿ ಇನ್ನೊಂದು ಸಾಲು ಇದೆ. ಶುರುವಿನ ಪತ್ರಗಳೆಲ್ಲ ಹಳೇ ಊರಿನ ಒಬ್ಬ ಕಿರಾಣಿ ಅಂಗಡಿಯವರ ಕೇರಾಫ್. ಅವರು ಲಿಂಗಾಯತರು, ಕನ್ನಡದವರು. ಕ್ಯಾಂಪ್ ಅಂತ ಒಂದು ಊರೇ ಇನ್ನೂ ಆಗಿರಲಿಲ್ಲ. ಪತ್ರ ಇಸಿದುಕೊಂಡು, ತೆಗೆದಿಟ್ಟು, ಯಾರ ಕೈಯಲ್ಲಾದರೂ ಹೊಲಕ್ಕೆ ಕಳಿಸುತ್ತಿದ್ದರು. ಅವರ ಅಂಗಡಿಯಲ್ಲಿ ಜೋಳ, ಸೀಮೆಎಣ್ಣೆ ಉದ್ದರಿ ಸಿಗುತ್ತಿತ್ತು ಅನ್ನುವುದೂ ಪತ್ರದಲ್ಲಿದೆ. ಅಂಗಡಿ ಬಾಕಿ ಮೊದಲು ತೀರಿಸು ಅಂತ ಅಣ್ಣ ಗದರಿದ್ದಾರೆ. ಯಾರ ಸಹಾಯವೂ ಇಲ್ಲದೆ ಕಟ್ಟಿದೆವು ಅಂತ ನಾವು ಮದುವೆ ಮನೆಗಳಲ್ಲಿ ಭಾಷಣ ಮಾಡುತ್ತೇವಲ್ಲ, ಅದು ಸುಳ್ಳು ಅನ್ನಲು ಈ ಕೇರಾಫ್ ಸಾಲು ಒಂದೇ ಸಾಕು. ಚಿಕ್ಕಪ್ಪನ ಪಟ್ಟಿಯಲ್ಲಿ ಈ ಪತ್ರ ಇಲ್ಲ. ಸಾಲದ ವಿಷಯ ಯಾಕೆ ಅನ್ನುತ್ತಾರೆ.

ಹಳೇ ಊರಿನವರ ಕಥೆಗೂ ಪತ್ರ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ಹೊಲ ಸಸ್ತಾ ಇತ್ತು, ನಿಜ. ಗೋದಾವರಿ ಡೆಲ್ಟಾದಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಬರುತ್ತಿತ್ತು. ಆದರೆ ಮಾರಿದವರು ದಡ್ಡರಾಗಿರಲಿಲ್ಲ. ಮಳೆ ನಂಬಿ ಎರೆ ಹೊಲದಲ್ಲಿ ಜೋಳ, ಹತ್ತಿ ಬೆಳೆಯುವವರಿಗೆ ಜಮೀನು ಜಾಸ್ತಿ, ಕೈಯಲ್ಲಿ ಕಾಸು ಕಡಿಮೆ. ನೀರಾವರಿಗೆ ಹೊಲ ಸಮ ಮಾಡಬೇಕು, ಬದು ಹಾಕಬೇಕು, ಆಳು ಬೇಕು. ಮೇಲಿಂದ ಸರ್ಕಾರ ನೀರಾವರಿ ಜಮೀನಿಗೆ ಹೆಚ್ಚು ತೆರಿಗೆ ಹಾಕುತ್ತೆ ಅನ್ನುವ ಹೆದರಿಕೆ. ನಮ್ಮವರ ಹಿಂದಾದರೋ ಕಾಲುವೆ ಬೇಸಾಯದ ನೂರು ವರ್ಷದ ಅನುಭವ ಇತ್ತು. ಗೋದಾವರಿಗೆ ಧವಳೇಶ್ವರದಲ್ಲಿ ಬ್ರಿಟಿಷ್ ಎಂಜಿನಿಯರ್ ಕಾಟನ್ ದೊರೆ ಕಟ್ಟಿಸಿದ ಆಣೆಕಟ್ಟು 1852ರಲ್ಲೇ ಮುಗಿದಿತ್ತು. ಅಲ್ಲಿ ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಚೂರಾಗಿತ್ತು. ಹೀಗಾಗಿ ಗುಂಟೂರು, ಗುಂತಕಲ್ ದಾಟಿ ಮೀಟರ್ ಗೇಜ್ ರೈಲಿನಲ್ಲಿ ಹೊಸಪೇಟೆಗೆ ಬಂದು ಇಳಿದರು.

ನಮ್ಮ ಹೊಲದ ಖರೀದಿ ಪತ್ರ ಇರುವುದು ಉರ್ದುವಿನಲ್ಲಿ. ನಿಜಾಮರ ಕಾಲದ ದಫ್ತರ ಇಲ್ಲಿ ಹಾಗೇ ಮುಂದುವರಿದಿತ್ತು. ಗಂಗಾವತಿಯ ಒಬ್ಬ ಹಿರಿಯ ಬಾಂಡ್ ರೈಟರ್ ಸಾಹೇಬರು ಓದಿ ಹೇಳಿದರು. ಪತ್ರ ತೆಲುಗು, ಖರೀದಿ ಉರ್ದು, ಅಪ್ಪನ ಶಾಲೆ ಸರ್ಟಿಫಿಕೇಟ್ ಕನ್ನಡ, ಎಲ್ಲ ಒಂದೇ ಟ್ರಂಕಿನಲ್ಲಿ. 1956ರಲ್ಲಿ ಅಣ್ಣನಿಗೆ ಭಯ ಹತ್ತಿದೆ. ಜಿಲ್ಲೆ ಮೈಸೂರಿಗೆ ಹೋಯಿತು, ಮಕ್ಕಳು ಕನ್ನಡ ಕಲಿಯಬೇಕಾಗುತ್ತೆ, ಮಾರಿ ಬಂದುಬಿಡು ಅಂತ ಬರೆದಿದ್ದಾರೆ. ತಾತನ ಉತ್ತರ ಸಿಕ್ಕಿಲ್ಲ. ಅಪ್ಪ ಕನ್ನಡ ಶಾಲೆಗೆ ಹೋದರು, ನಾನಿದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇನ್ನು ನೀರಿನ ವಿಷಯ. ಚಿಕ್ಕಪ್ಪನಿಗೂ ನನಗೂ ದೊಡ್ಡ ಜಗಳ ಇದರ ಮೇಲೇ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ರಾಯಚೂರಿನ ತನಕ ಸುಮಾರು 227 ಕಿ.ಮೀ. ಇದೆ. ಯೋಜನೆ ಮಾಡಿದವರು ಹೆಚ್ಚಿನ ಜಮೀನನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೇ ಇಟ್ಟಿದ್ದರು. ನಾವು ನೆಲ್ಲು ಹಚ್ಚಿದೆವು. ನಮ್ಮನ್ನು ನೋಡಿ ಹಳೇ ಊರಿನವರೂ ಹಚ್ಚಿದರು. ಗಂಗಾವತಿಯ ಸೋನಾ ಮಸೂರಿ ಹೆಸರಾಯಿತು. ನೀರೆಲ್ಲ ಮೇಲಿನ ನೆಲ್ಲಿಗೇ ಹೋಗಿ, ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ಇವತ್ತಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ನೆಲ್ಲಿಗೆ ಪರ್ಮಿಷನ್ ಇದೆಯಾ, ದಂಡ ಹಾಕಿದರೇನು ಮಾಡುತ್ತೀಯ ಅಂತ ಅಣ್ಣ ಕೇಳಿದ ಪತ್ರ ನಮ್ಮಲ್ಲಿದೆ. ಅಂದರೆ ಇವರಿಗೆ ಗೊತ್ತಿತ್ತು. ನನಗೆ ತಾತನ ಮೇಲೆ ಸಿಟ್ಟಿಲ್ಲ, ಸಾಲ ತಲೆ ಮೇಲಿದ್ದ ಮನುಷ್ಯ ಇನ್ನೇನು ಮಾಡಿಯಾರು? ಆದರೆ ಪುಸ್ತಕದಲ್ಲಿ ಈ ಪತ್ರ ಇರಲೇಬೇಕು. ಅದನ್ನು ಬಿಟ್ಟು ಬಂಗಾರ ಬೆಳೆದ ಕಥೆ ಮಾತ್ರ ಹಾಕುವುದಾದರೆ ಸುಮ್ನೆ ಕ್ಯಾಲೆಂಡರ್ ಮಾಡಿಸಿ ಹಂಚಿದರೆ ಸಾಕು, ಖರ್ಚೂ ಕಡಿಮೆ.

ತಂತಿಯಲ್ಲಿ ಇಲ್ಲದ್ದೂ ಇದೆ. ಮದುವೆ, ಬಸಿರು, ಗೃಹಪ್ರವೇಶದ ಕಾಗದಗಳು ಮೂಲೆಗೆ ಅರಿಶಿನ ಹಚ್ಚಿಕೊಂಡು ಸಾಲಾಗಿವೆ. ಸಾವಿನದು ಒಂದೂ ಇಲ್ಲ. ಸಾವಿನ ಕಾರ್ಡನ್ನು ಹೊಸ್ತಿಲ ಹೊರಗೇ ಓದಿ ಹರಿದು ಹಾಕುವುದು ವಾಡಿಕೆ. ಬರೀ ಈ ಕಾಗದ ನೋಡಿದರೆ ನಮ್ಮ ಮನೆಯಲ್ಲಿ ಯಾರೂ ಸತ್ತೇ ಇಲ್ಲ! ಹೆಂಗಸರ ಮಾತೂ ಕಡಿಮೆ. ನಾಯನಮ್ಮನ, ಅಂದರೆ ಅಪ್ಪನ ತಾಯಿಯ, ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಅಣ್ಣನ ಪತ್ರದ ಅಂಚಿನಲ್ಲಿ, ಅಡ್ಡಕ್ಕೆ ತಿರುಗಿಸಿ, ಆಕೆ ಹೇಳಿ ಬರೆಸಿದ ಒಂದೆರಡು ಸಾಲು ಇರುತ್ತವೆ. ಮಗಳಿಗೆ ಜೋಳದ ರೊಟ್ಟಿ ಒಗ್ಗಿತಾ, ನೀರು ಎಷ್ಟು ದೂರದಿಂದ ತರುತ್ತಾಳೆ, ಇಷ್ಟೇ. ಚಿಕ್ಕಪ್ಪ ಸ್ಕ್ಯಾನ್ ಮಾಡಿಸುವಾಗ ಅಂಗಡಿಯವನು ಅಂದ ಕಾಣಲಿ ಅಂತ ಅಂಚು ಕತ್ತರಿಸಿ ಹಾಕಿದ್ದ. ಮತ್ತೆ ಮಾಡಿಸಿದೆವು.

ನಿಮ್ಮ ಮನೆಯಲ್ಲೂ ಇಂಥವು ಇದ್ದರೆ, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಎರಡೂ ಕಾಗದವನ್ನು ಹಾಳು ಮಾಡುತ್ತವೆ, ಆಮೇಲೆ ಬಿಡಿಸಲು ಬರುವುದಿಲ್ಲ. ತಂತಿ, ಗುಂಡುಪಿನ್ನು ತೆಗೆದುಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಶಾಯಿ ಹೋಗುತ್ತೆ. ಎರಡೂ ಬದಿ, ವಿಳಾಸದ ಕಡೆಯೂ, ಅಂಚೂ ಸೇರಿಸಿ ಫೋಟೋ ತೆಗೆಯಿರಿ. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳ, ಅಂದರೆ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳ, ಬಂಗಾಳಿ ಮನೆಗಳಲ್ಲೂ ಕಾಗದ ಇರಬಹುದು, ಅವರ ಕಥೆ ನಮ್ಮದಕ್ಕಿಂತ ಕಷ್ಟದ್ದು. ಅಲ್ಲಿಯ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ಅಜ್ಜಿಯನ್ನು ಕೇಳಿ ನೋಡಿ.

ಕ್ಯಾಂಪಿನವರಿಗೆ ಇನ್ನೊಂದು ಮಾತು. ಸಂಕ್ರಾಂತಿಗೆ ಆ ಕಡೆ ಊರಿಗೆ ಹೋಗುತ್ತೀರಲ್ಲ, ಅಲ್ಲಿಯ ಅಟ್ಟ, ಪೆಟ್ಟಿಗೆ ಒಮ್ಮೆ ನೋಡಿ. ಇಲ್ಲಿಂದ ನಮ್ಮವರು ಬರೆದ ಪತ್ರ ಸಿಕ್ಕರೆ ಅಲ್ಲೇ ಸಿಗಬೇಕು. ಹಳೇ ಕೈಬರಹದ ತೆಲುಗು ಓದಲು ಬರದಿದ್ದರೆ ತಂದುಕೊಡಿ, ಅತ್ತೆ ಓದಿಕೊಡುತ್ತಾರೆ. ಚಾ ಕುಡಿಸಿ ಕಳಿಸುತ್ತಾರೆ, ಆದರೆ ಸಾಲದ ಪತ್ರ ಸಿಕ್ಕರೆ ಜೋರಾಗಿಯೇ ಓದುತ್ತಾರೆ, ಮೊದಲೇ ಹೇಳಿದ್ದೇನೆ.